ಮೇಸ್ತ್ರಿಯ ಕಣ್ಣಳತೆ

ಬೀದಿಗೆಲ್ಲ ಅವಳು ಪಾಲಿಶಮ್ಮ. ಗಂಡ ಮೇಸ್ತ್ರಿ ಮರಗೆಲಸದವನು. ಅವನು ಮಾಡಿದ ಮಂಚ, ಕುರ್ಚಿ, ಬೀರುಗಳನ್ನು ಮರಳುಕಾಗದದಿಂದ ತಿಕ್ಕಿ ತಿಕ್ಕಿ, ಬಟ್ಟೆಯ ಉಂಡೆಯಿಂದ ಪಾಲಿಶ್ ಬಳಿದು, ನೋಡಿದವರ ಮುಖ ಕಾಣುವಂತೆ ಮಾಡುವುದು ಇವಳ ಕೆಲಸ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ, ಹಿಂದಿನ ಕೋಣೆಗಳಲ್ಲಿ ಸಂಸಾರ. ಇಷ್ಟು ವರ್ಷ ಗರಗಸ, ಉಳಿಗಳ ನಡುವೆ ಒಂದು ಗೀರೂ ಬೀಳದೆ ಬದುಕಿದವಳು ಒಂದು ಬೆಳಿಗ್ಗೆ ಮರದ ಹೊಟ್ಟಿನ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು.

ಆಸ್ಪತ್ರೆಯಲ್ಲಿ ಅವಳು ನೋವು ಸಹಿಸಿಕೊಂಡಳು, ಸಪ್ಪೆ ಊಟ ಸಹಿಸಿಕೊಂಡಳು, ಪಕ್ಕದ ಮಂಚದವಳ ಗೊರಕೆಯನ್ನೂ ಸಹಿಸಿಕೊಂಡಳು. ಸಹಿಸಲಾಗದ್ದು ಒಂದೇ: ಮೂತ್ರಕ್ಕೆ ಹೋಗಲೂ ಇನ್ನೊಬ್ಬರನ್ನು ಕೂಗಬೇಕು, ಅವರು ಎದುರಿಗೇ ನಿಂತಿರುತ್ತಾರೆ. ಊಟ ಬೇಕಾದರೆ ಯಾರಾದರೂ ತಿನ್ನಿಸಲಿ, ತಲೆ ಯಾರಾದರೂ ಬಾಚಲಿ, ಬಚ್ಚಲುಮನೆಗೆ ಮಾತ್ರ ತಾನೊಬ್ಬಳೇ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಅದೊಂದಾದರೆ ಸಾಕು, ತಾನು ಮತ್ತೆ ಮನುಷ್ಯಳಾದಂತೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಮನೆಗೆ ಕರೆತಂದ ದಿನ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಮೈಮೇಲೆ ಒಗೆದ ಅಂಗಿ, ತಲೆಯಲ್ಲಿ ಮಾತ್ರ ಮರದ ಹೊಟ್ಟು. ಅವನ ಹಿಂದೆ ಮಗ, ಚಿಕ್ಕ ಮೇಸ್ತ್ರಿ, ಹಲ್ಲು ಕಿರಿದುಕೊಂಡಿದ್ದ. ಏನೋ ನಡೆದಿದೆ ಅಂತ ಅವಳಿಗೆ ಆಗಲೇ ಗೊತ್ತಾಯಿತು.

"ಕಣ್ಣು ಮುಚ್ಕೋ" ಎಂದ ಮೇಸ್ತ್ರಿ.

"ಕಣ್ಣು ಮುಚ್ಕೊಂಡು ಇನ್ನೊಂದು ಸೊಂಟ ಮುರ್ಕೊಳ್ಳಲಾ? ನನಗಿರೋದು ಒಂದೇ ರೀ."

ಒಳಗೆ ನೋಡಿದರೆ, ಮಂಚದ ಕಾಲುಗಳಿಗೆ ಹೊಸ ಮರ ಕೂಡಿಸಿ ಎತ್ತರಿಸಿದ್ದರು. ಮಂಚದ ಬಳಿಯಿಂದ ಬಚ್ಚಲುಮನೆಯವರೆಗೆ ಓಣಿಯಂಥ ಸಣ್ಣ ದಾರಿ. ಅದರ ಗೋಡೆಯುದ್ದಕ್ಕೂ ಹಿಡಿದು ನಡೆಯಲು ದುಂಡಗೆ ಕಡೆದ ಮರದ ರೇಲಿಂಗ್. ಬಚ್ಚಲುಮನೆಯೊಳಗೆ, ಕಮೋಡಿನ ಮೇಲೆ ಕೂರುವಂತೆ ಎರಡು ಕೈಗಳ ಕುರ್ಚಿ. ಎಲ್ಲವೂ ತೇಗ. ಅಟ್ಟದ ಮೇಲೆ ಇಷ್ಟು ವರ್ಷ ಇಟ್ಟಿದ್ದ ಆ ಹಲಗೆಯನ್ನು ಕೇಳಿಕೊಂಡು ದೊಡ್ಡ ದೊಡ್ಡವರೇ ಬಂದಿದ್ದರು. ಮೇಸ್ತ್ರಿ ಯಾರಿಗೂ ಕೊಟ್ಟಿರಲಿಲ್ಲ. ಈಗ ಅದನ್ನು ಅವಳಿಗಾಗಿ ಕೊಯ್ದಿದ್ದ. ಪಾಲಿಶಮ್ಮ ಆ ತೇಗವನ್ನು ಅಂಗೈಯಿಂದ ಸವರಿದಳು.

"ಕೂರೋ ಜಾಗ ಎತ್ತರ ಇರ್ಬೇಕು, ಮಂಡಿಗಿಂತ ಸೊಂಟ ಕೆಳಗೆ ಹೋಗ್ಬಾರ್ದು ಅಂದ್ರಲ್ಲ ಡಾಕ್ಟ್ರು" ಎಂದ ಮೇಸ್ತ್ರಿ. "ಕೂತು ನೋಡು."

ಮಗನೂ ಸೊಸೆಯೂ ರೆಕ್ಕೆ ಹಿಡಿದು ಎತ್ತಿ ಮಂಚದ ಮೇಲೆ ಕೂರಿಸಿದರು. ಕೂತಳು. ಕೂತರೆ ಕಾಲು ನೆಲಕ್ಕೆ ಎಟಕಲಿಲ್ಲ! ಉದ್ದನೆಯ ನೈಟಿಯೊಳಗೆ ಅವಳ ಪಾದಗಳು ಉಯ್ಯಾಲೆಯ ಮೇಲೆ ಕೂತ ಮಗುವಿನ ಪಾದಗಳಂತೆ ಜೋತಾಡುತ್ತಿದ್ದವು. ಹೆಬ್ಬೆರಳನ್ನು ಎಷ್ಟು ಚಾಚಿದರೂ ನೆಲ ಸಿಗಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಮೇಸ್ತ್ರಿ ಎರಡೂ ಕೈ ಕಟ್ಟಿಕೊಂಡು, ಪರೀಕ್ಷೆ ಬರೆದ ಹುಡುಗನ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದ.

"ತುಂಬಾ ಚೆನ್ನಾಗಿದೆ ರೀ" ಅಂದುಬಿಟ್ಟಳು.

ಆ ಒಂದು ಮಾತೇ ಮುಂದಿನ ಎಲ್ಲ ರಾಮಾಯಣಕ್ಕೂ ಮೂಲ. ಬಾಯಿಗೆ ಬಿದ್ದ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ. ಮೇಸ್ತ್ರಿಯ ಕೆಲಸ ಇದುವರೆಗೆ ಒಂದೂ ವಾಪಸ್ ಬಂದಿರಲಿಲ್ಲ. ಟೇಪು ಬರೀ ಶಾಸ್ತ್ರಕ್ಕೆ, ನನ್ನ ಕಣ್ಣೇ ಟೇಪು ಎಂದು ಗಿರಾಕಿಗಳ ಎದುರು ಎದೆ ತಟ್ಟುವವನು. ಅಂಥವನ ಮೊದಲ ತಪ್ಪು, ಅದೂ ತೇಗದಲ್ಲಿ, ಅದೂ ಹೆಂಡತಿಗೆ ಮಾಡಿದ್ದರಲ್ಲಿ! ಹೇಳುವುದು ಹೇಗೆ?

ಸೊಸೆ ಬಸ್ ಕಂಡಕ್ಟರ್. ಅವಳು ಪಿಸುಗುಟ್ಟಿದರೂ ಹಿಂದಿನ ಸೀಟಿನವರಿಗೆ ಕೇಳಬೇಕು, ಅಂಥ ಗಂಟಲು. ಮೊದಲ ವಾರ ರಜೆ ಹಾಕಿ ಅತ್ತೆಯ ಜೊತೆಗೇ ಇದ್ದಳು. ಮಂಚದಿಂದ ಇಳಿಸಿ, ತೋಳು ಹಿಡಿದು, "ಬನ್ನಿ ಬನ್ನಿ, ಮುಂದೆ ಬನ್ನಿ, ಜಾಗ ಇದೆ" ಎನ್ನುತ್ತ ಬಚ್ಚಲುಮನೆಗೆ ನಡೆಸುತ್ತಿದ್ದಳು.

"ನಾನೇನು ನಿನ್ನ ಪ್ಯಾಸೆಂಜರ್ರೇನೇ?"

"ಟಿಕೆಟ್ ಇಲ್ಲದ ಪ್ಯಾಸೆಂಜರ್. ಸುಮ್ನೆ ನಡೀರಿ ಅತ್ತೆ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆಗೆ ಈಗ ಕಾಲ ಬಂದಿತ್ತು. ಆದರೆ ಹುಡುಗಿ ಒಳ್ಳೆಯವಳು, ಅದನ್ನು ದುರುಪಯೋಗ ಮಾಡಿಕೊಳ್ಳಲಿಲ್ಲ. ಬೈಯುತ್ತಲೇ ಬೆನ್ನು ಉಜ್ಜಿದಳು, ಬೈಯುತ್ತಲೇ ಮಾತ್ರೆ ನುಂಗಿಸಿದಳು.

ರಜೆ ಮುಗಿದ ಮೇಲೆ ಮನೆಯ ಲೆಕ್ಕವೇ ಬದಲಾಯಿತು. ಸೊಸೆ ಬೆಳಕು ಹರಿಯುವ ಮೊದಲೇ ಡ್ಯೂಟಿಗೆ. ಅಡುಗೆ ಚಿಕ್ಕ ಮೇಸ್ತ್ರಿಯ ಪಾಲಾಯಿತು. ಮರವನ್ನು ಕೂದಲೆಳೆಯಷ್ಟು ನಿಖರವಾಗಿ ಕೊಯ್ಯುವ ಮಗ ಈರುಳ್ಳಿಯನ್ನು ಇಟ್ಟಿಗೆ ಗಾತ್ರಕ್ಕೆ ಹೆಚ್ಚುತ್ತಿದ್ದ. ಮೊಮ್ಮಗಳು ಸ್ಕೂಲಿಂದ ಬಂದು ಪಾತ್ರೆ ತೊಳೆದು ಅಜ್ಜಿಯ ತಲೆ ಬಾಚುತ್ತಿದ್ದಳು. ಸೊಸೆ ಸಂಜೆ ಬಂದವಳೇ ನಾಳೆಯ ತರಕಾರಿ ತಂದು, ಬಟ್ಟೆ ನೆನೆಸಿ, ಕಾಲು ಚಾಚಿ ಕೂರುತ್ತಿದ್ದಳು. ನಡುಮಧ್ಯಾಹ್ನ ಮಗ ಗಿರಾಕಿಗಳ ಮನೆಗೆ ಹೋದರೆ ಮನೆಯಲ್ಲಿ ಉಳಿಯುವವರು ಇಬ್ಬರೇ, ಮೇಸ್ತ್ರಿ ಮತ್ತು ಅವಳು.

ಇಬ್ಬರೂ ಎದುರುಬದುರು ಕೂತು ಊಟ ಮಾಡುತ್ತಿದ್ದರು.

"ಪಲ್ಯ ಹೇಗಿದೆ?" ಎಂದು ಮೇಸ್ತ್ರಿ ಕೇಳುತ್ತಿದ್ದ.

"ಅಗಿಯೋಕೆ ನಿಮ್ಮ ಗರಗಸ ಕೊಡಿ."

ಅವನು ನಗುತ್ತ ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕುತ್ತಿದ್ದ. ಆಸ್ಪತ್ರೆಗೆ ಹೋಗುವ ಮುಂಚೆ ಇಬ್ಬರೂ ಹೀಗೆ ಎದುರುಬದುರು ಕೂತು ಉಂಡದ್ದೇ ಕಡಿಮೆ. ಅವಳು ನಿಂತೇ ತಿನ್ನುತ್ತಿದ್ದಳು, ಅವನು ಹಲಗೆ ನೋಡುತ್ತ ತಿನ್ನುತ್ತಿದ್ದ. ಈ ಮಧ್ಯಾಹ್ನಗಳು ಪಾಲಿಶಮ್ಮನಿಗೆ ಇಷ್ಟವಾಗುತ್ತಿದ್ದವು. ಬಚ್ಚಲಿನದೊಂದು ತಾಪತ್ರಯ ಇಲ್ಲದಿದ್ದರೆ ಇನ್ನೊಂದು ತಿಂಗಳು ಹೀಗೇ ಇರಲಿ ಎನ್ನುತ್ತಿದ್ದಳೇನೋ.

ಆದರೆ ಅದು ಇತ್ತಲ್ಲ. ಎತ್ತರದ ಮಂಚದಿಂದ ತಾನೇ ಇಳಿಯಲು ಧೈರ್ಯ ಬರುತ್ತಿರಲಿಲ್ಲ, ಕಾಲು ನೆಲ ಮುಟ್ಟುವ ಮೊದಲೇ ಮೈ ಜಾರುತ್ತಿತ್ತು. ರೇಲಿಂಗ್ ಹಿಡಿದರೆ ಭುಜ ಕಿವಿಯ ಹತ್ತಿರ ಬರುತ್ತಿತ್ತು, ತೋಳಿಗೆ ಊರಲು ಬಲವೇ ಸಿಗುತ್ತಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಅಲ್ಯೂಮಿನಿಯಂ ವಾಕರ್ ಹಿಡಿದು ಹೋಗೋಣವೆಂದರೆ, ಗೋಡೆಯಿಂದ ಮುಂದೆ ಚಾಚಿಕೊಂಡ ರೇಲಿಂಗಿನಿಂದಾಗಿ ಆ ಓಣಿಯಲ್ಲಿ ವಾಕರ್ ತೂರುತ್ತಲೇ ಇರಲಿಲ್ಲ.

"ಆ ಪಾತ್ರೆ ಅಂಗಡಿ ಸಾಮಾನು ಯಾಕೆ ನಿಂಗೆ?" ಎಂದು ಮೇಸ್ತ್ರಿ ಅದನ್ನು ಬಾಗಿಲ ಹಿಂದೆ ಇಟ್ಟುಬಿಟ್ಟಿದ್ದ. "ತೇಗದ ರೇಲಿಂಗ್ ಇರೋವಾಗ!"

ಹಾಗಾಗಿ ಮಧ್ಯಾಹ್ನ ಅವಸರವಾದರೆ ಮೇಸ್ತ್ರಿಯನ್ನೇ ಕರೆಯಬೇಕು. ಅವನು ಕೈಲಿದ್ದ ಉಳಿ ಬಿಟ್ಟು ಓಡಿ ಬಂದು, ಅವಳನ್ನು ಅಪ್ಪಿ ಇಳಿಸಿ, ನಡೆಸಿ, ಕೂರಿಸಿ, ಗೋಡೆ ನೋಡುತ್ತ ನಿಲ್ಲುತ್ತಿದ್ದ. ವಾಪಸ್ ಮಲಗಿಸಿದ ಮೇಲೆ ತನ್ನ ಸೊಂಟ ಹಿಡಿದುಕೊಂಡು ಹೋಗುತ್ತಿದ್ದ. ಅದನ್ನು ನೋಡಿ ಪಾಲಿಶಮ್ಮ ಒಂದು ಉಪಾಯ ಮಾಡಿದಳು. ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಅರ್ಧ ಲೋಟ ಚಹಾ, ಆಮೇಲೆ ನಾಲಿಗೆ ಒದ್ದೆಯಾಗುವಷ್ಟು. ಮೊಮ್ಮಗಳು ತುಂಬಿಟ್ಟು ಹೋದ ನೀರಿನ ಚೊಂಬನ್ನು ಕಿಟಕಿಯ ಹೂಕುಂಡಕ್ಕೆ ಬಗ್ಗಿಸುತ್ತಿದ್ದಳು. ಗಿಡವೇನೋ ಕಂಗೊಳಿಸಿತು.

ಅವಳಿಗೆ ಜ್ವರ ಬಂತು. ಉರಿಮೂತ್ರ, ಮೈನಡುಕ. ಆಟೋದಲ್ಲಿ ಮತ್ತೆ ಆಸ್ಪತ್ರೆಗೆ.

"ಏನಮ್ಮಾ, ನೀರು ಕುಡಿಯೋಕೆ ಯಾರಾದ್ರೂ ಬೇಡ ಅಂತಾರಾ ಮನೇಲಿ?" ಎಂದು ಡಾಕ್ಟರು ಕೇಳಿದರು.

ಎಲ್ಲರೂ ಅವಳನ್ನು ನೋಡಿದರು. ಅವಳು ಸೂರು ನೋಡಿದಳು.

ಜ್ವರ ಇಳಿಯಿತು, ಆದರೆ ಮನೆಯಲ್ಲಿ ಬಿಸಿ ಏರಿತು. ಅಂದು ಸಂಜೆ ಊಟದ ಮೇಜಿನ ಮಾತು ಗೋಡೆ ದಾಟಿ ಅವಳ ಕಿವಿಗೆ ಬಿತ್ತು. ಸೊಸೆಯ ಗಂಟಲಿಗೆ ಗೋಡೆ ಯಾವ ಲೆಕ್ಕ?

"ಒಬ್ಬ ಆಯಾನ ಇಡೋಣ ಮಾವ. ಇಡೀ ದಿನ ಪಕ್ಕದಲ್ಲೇ ಕೂತಿರ್ತಾಳೆ. ನಮ್ಮ ಡಿಪೋದವರ ಕಡೆ ಒಬ್ಬಳಿದ್ದಾಳೆ, ಭಾನುವಾರ ಬಂದು ನೋಡ್ತೀನಿ ಅಂದಳು."

"ಯಾವಳೋ ಬಂದು ನನ್ನ ಹೆಂಡ್ತೀನ ನೋಡ್ಕೋಬೇಕಾ? ನಾನಿಲ್ವಾ?"

"ಅಪ್ಪಾ, ನಿನ್ನ ಸೊಂಟಾನೂ ಹೋದ್ರೆ ಇಬ್ಬರಿಗೂ ಸೇರಿಸಿ ಇಡ್ಬೇಕಾಗುತ್ತೆ" ಎಂದ ಮಗ.

"ನಂಗರ್ಥ ಆಗ್ತಿಲ್ಲ" ಎಂದ ಮೇಸ್ತ್ರಿ. "ಕೈಗೊಂದು ಕಾಲಿಗೊಂದು ಎಲ್ಲಾ ಮಾಡಿಟ್ಟಿದ್ದೀನಿ. ಒಂದು ಸಲಾನಾದ್ರೂ ತಾನೇ ಎದ್ದು ಹೋಗ್ತಾಳಾ? ಪ್ರಯತ್ನಾನೇ ಮಾಡಲ್ಲ. ಮನಸ್ಸೇ ಇಲ್ಲ ಅವಳಿಗೆ."

ಪಾಲಿಶಮ್ಮನಿಗೆ ಮೈಯೆಲ್ಲ ಉರಿಯಿತು. ಮನಸ್ಸಿಲ್ಲವಂತೆ! ಗೊತ್ತಿಲ್ಲದ ಹೆಂಗಸೊಬ್ಬಳು ಇಡೀ ದಿನ ತನ್ನ ಮಂಚದ ಪಕ್ಕ ಕೂತು, ತಾನು ಕೆಮ್ಮಿದರೆ ಎದ್ದು, ಬಚ್ಚಲಲ್ಲಿ ಎದುರಿಗೆ ನಿಲ್ಲುವುದನ್ನು ನೆನೆದರೇ ಅವಳಿಗೆ ಅಳು ಬಂತು. ಭಾನುವಾರದೊಳಗೆ ತಾನೇ ಹೋಗಿ ತೋರಿಸಬೇಕು, ಬೇರೆ ದಾರಿಯೇ ಇಲ್ಲ.

ಮರುದಿನ ಸೊಸೆಗೆ ವಾರಕ್ಕೊಮ್ಮೆ ಸಿಗುವ ರಜೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅದೇ ಸಮಯ ನೋಡಿ ಪಾಲಿಶಮ್ಮ ಮಂಚದ ಅಂಚಿಗೆ ಸರಿದಳು. ನೈಟಿಯನ್ನು ಮಂಡಿಗೆ ಎತ್ತಿ ಕಟ್ಟಿಕೊಂಡು ಕಾಲು ಇಳಿಬಿಟ್ಟಳು. ನೆಲ ಸಿಗಲಿಲ್ಲ. ಇನ್ನೊಂದು ಚೂರು ಸರಿದಳು. ಅಷ್ಟೇ, ಹಾಸಿಗೆಯೇ ಅವಳನ್ನು ಹೊರಗೆ ತಳ್ಳಿದಂತೆ ಜಾರಿದಳು. ಹಾಸಿಗೆಯ ಬಟ್ಟೆ ಹಿಡಿದು ಅರ್ಧದಲ್ಲೇ ನೇತಾಡಿದಳು.

"ಅಯ್ಯೋ ಅತ್ತೆ!" ಒಳಗೆ ಬಂದ ಸೊಸೆ ಒಂದೇ ನೆಗೆತಕ್ಕೆ ಹಿಡಿದುಕೊಂಡಳು. ಮತ್ತೆ ಕೂರಿಸಿದಳು. ಆಮೇಲೆ ಅವಳ ಕಣ್ಣು ಕೆಳಗೆ ಹೋಯಿತು. ಜೋತಾಡುವ ಪಾದ, ಅದರ ಕೆಳಗೆ ಬರೀ ಗಾಳಿ.

"ಇದೇನತ್ತೆ, ನಿಮ್ಮ ಕಾಲು ನೆಲಕ್ಕೇ ಎಟಕ್ತಿಲ್ವಲ್ಲ!"

"ಮೆಲ್ಲಗೆ ಮಾತಾಡೇ!"

"ಬಚ್ಚಲಲ್ಲೂ ಹೀಗೇನಾ?"

"ಹೂಂ."

"ಯಾವತ್ತಿಂದ?"

"ಬಂದ ದಿನದಿಂದ."

ಸೊಸೆ ತಲೆ ಮೇಲೆ ಕೈ ಹೊತ್ತಳು. "ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಆ ಹಲಗೇನ ನಿಮ್ಮ ಮಾವ ಯಾರಿಗೂ ಕೊಟ್ಟವರಲ್ಲ. ನಂಗೆ ಅಂತ ಕೊಯ್ದ್ರು. ಸರಿಯಿಲ್ಲ ಅಂತ ಹ್ಯಾಗೆ ಹೇಳ್ಲಿ? ನೀನೂ ಹೇಳ್ಬೇಡ. ನನ್ನಾಣೆ."

ಸೊಸೆ ಆಣೆ ಹಾಕಿದಳು. ಆದರೆ ಕೈಕಟ್ಟಿ ಕೂರುವ ಜಾತಿಯಲ್ಲ ಅವಳು. ಕಾರ್ಖಾನೆಯ ಮೂಲೆಯಲ್ಲಿ ಮೊಳೆ ತುಂಬಿಡುವ ಹಳೇ ಪೆಟ್ಟಿಗೆಯಿತ್ತು. ಮೊಳೆಗಳನ್ನು ಡಬ್ಬಕ್ಕೆ ಸುರಿದು, ಪೆಟ್ಟಿಗೆಯನ್ನು ಮಗುಚಿ ತಂದು ಅತ್ತೆಯ ಕಾಲ ಕೆಳಗೆ ಇಟ್ಟಳು. ಪಾಲಿಶಮ್ಮ ಎರಡೂ ಪಾದ ಊರಿದಳು. ಆಹಾ, ಎಷ್ಟು ದಿನವಾಗಿತ್ತು ಕೂತಲ್ಲಿ ಕಾಲೂರಿ!

ಆ ಸುಖ ಮಧ್ಯಾಹ್ನದ ಊಟದವರೆಗೆ ಬಾಳಿತು. ತಟ್ಟೆ ಹಿಡಿದು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತ. ಬೇರೆಯವರ ಕಣ್ಣಿಗೆ ಅದೊಂದು ಪೆಟ್ಟಿಗೆ. ಮರಗೆಲಸದವನಿಗೆ ಹಾಗಲ್ಲ. ತಾನು ಮಾಡಿದ ಸಾಮಾನಿನ ಕೆಳಗೆ ಯಾರೋ ಒಂದು ಚಕ್ಕೆ ಒತ್ತು ಕೊಟ್ಟರೂ ಅದು ಕೆನ್ನೆಗೆ ಹೊಡೆದಂತೆ. ಇಲ್ಲಿ ಇಡೀ ಪೆಟ್ಟಿಗೆಯೇ ಇತ್ತು.

"ಯಾರಿಟ್ಟಿದ್ದು ಇದನ್ನ?"

ಸೊಸೆ ಅತ್ತೆಯನ್ನು ನೋಡಿದಳು. ಚಿಕ್ಕ ಮೇಸ್ತ್ರಿ ಅನ್ನದ ಪಾತ್ರೆ ಹಿಡಿದು ಇಬ್ಬರನ್ನೂ ನೋಡಿದ.

"ನಾನೇ ಇಟ್ಟೆ ಮಾವ. ಅತ್ತೆ ಕಾಲಿಗೆ ತಂಪಾಗ್ಬಾರ್ದು ಅಂತ."

"ಮೊಳೆ ಪೆಟ್ಟಿಗೆ ಮೇಲೆ ಬೆಚ್ಚಗಿರುತ್ತಾ? ಕಿವಿ ಮೇಲೆ ಹೂವಿಡ್ಬೇಡ ನಂಗೆ. ಎತ್ತರ ಹೆಚ್ಚಾಯ್ತು ಅಂತಾನಾ ಇಟ್ಟಿದ್ದು? ನನ್ನ ಕೆಲಸ ತಪ್ಪು ಅಂತ ತಾನೆ?" ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. "ನೀನೇ ಹೇಳು. ಚೆನ್ನಾಗಿದೆ ಅಂದೆಯಲ್ಲ ಅವತ್ತು?"

ಪಾಲಿಶಮ್ಮ ತಡೆದುಕೊಂಡಳು. ಆದರೆ ಮನಸ್ಸೇ ಇಲ್ಲ ಎಂದ ಆ ಮಾತು ಇನ್ನೂ ಒಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

"ಚೆನ್ನಾಗೇ ಇದೆ. ಯಾರೋ ಎತ್ತರದವಳಿಗೆ. ನಂಗಲ್ಲ. ಅವಳ್ಯಾರು ಅಂತ ಹೇಳಿ, ಕರೆದು ಕೂರಿಸೋಣ!"

ಮೇಸ್ತ್ರಿ ತಟ್ಟೆಯನ್ನು ಕೆಳಗಿಟ್ಟ.

"ನನ್ನ ಕಣ್ಣು ತಪ್ಪಲ್ಲ" ಎಂದ ಮೇಸ್ತ್ರಿ. ಮೆಲ್ಲಗೇ ಎಂದ. "ನಲವತ್ತು ವರ್ಷದಿಂದ ನೋಡ್ತಿದ್ದೀನಿ, ನಿನ್ನ ಎತ್ತರ ನಂಗೊತ್ತಿಲ್ವಾ? ಈ ಕಿಟಕಿ ಕೂರಿಸಿದಾಗ ಇಲ್ಲೇ ನಿಂತಿದ್ದೆ ನೀನು. ಮೇಲಿನ ಪಟ್ಟಿಗೆ ಸರಿಯಾಗಿ ಬರ್ತಿತ್ತು ನಿನ್ನ ತಲೆ. ಆ ಲೆಕ್ಕಕ್ಕೆ ಡಾಕ್ಟ್ರು ಹೇಳಿದ ಎತ್ತರಾನೂ ಸೇರಿಸಿ ಎಲ್ಲಾ ಮಾಡಿದ್ದು."

"ಅಪ್ಪಾ, ನೀನು ಅಳತೇನೇ ತಗೊಂಡಿಲ್ವಾ?" ಚಿಕ್ಕ ಮೇಸ್ತ್ರಿಗೆ ಅನ್ನದ ಪಾತ್ರೆ ಕೈಜಾರುವುದೊಂದು ಬಾಕಿ. "ಟೇಪು ಹಿಡಿಯದೆ ಒಂದು ಚಕ್ಕೇನೂ ಕೊಯ್ಬೇಡ ಅಂತ ನಂಗೆ ಬೆನ್ನಿಗೆ ಬಾರಿಸ್ತಿದ್ದೆಯಲ್ಲ!"

"ಹೆಂಡ್ತಿಗೂ ಟೇಪು ಹಿಡೀಬೇಕೇನೋ?"

"ಎಬ್ಬಿಸಿ ನನ್ನ" ಎಂದಳು ಪಾಲಿಶಮ್ಮ.

ಮಗ, ಸೊಸೆ ಇಬ್ಬರೂ ಹಿಡಿದು ಕಿಟಕಿಯ ಬಳಿ ನಿಲ್ಲಿಸಿದರು. ಅವಳು ಗೋಡೆಗೆ ಬೆನ್ನೊತ್ತಿ, ಗದ್ದ ಎತ್ತಿ, ಆದಷ್ಟೂ ನೆಟ್ಟಗೆ ನಿಂತಳು. ಮೇಲಿನ ಪಟ್ಟಿ ಅವಳ ತಲೆಯಿಂದ ಪೂರಾ ನಾಲ್ಕು ಬೆರಳು ಮೇಲಿತ್ತು.

ಮೇಸ್ತ್ರಿ ಹತ್ತಿರ ಬಂದು ನೋಡಿದ. ಕಿಟಕಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಕಿಟಕಿಯನ್ನೇ ನೋಡಿದ.

"ಗೋಡೆ ಏನಾದ್ರೂ ಮೇಲೆದ್ದಿದೆಯಾ?" ಎಂದ.

"ಗೋಡೆ ಎದ್ದಿಲ್ಲ ರೀ. ನಾನು ಇಳಿದಿದ್ದೀನಿ."

"ಯಾವಾಗ?"

"ನೀವು ಹಲಗೆ ನೋಡ್ತಿದ್ದಾಗ."

ಸೊಸೆಗೆ ನಗು ತಡೆಯಲಾಗಲಿಲ್ಲ, ಮಗನೂ ನಕ್ಕ. ಮೇಸ್ತ್ರಿ ನಗಲಿಲ್ಲ. ಅವನ ಕೈ ಅವಳ ತಲೆಯ ಮೇಲಿನ ಆ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ನಂತರ ಮೆಲ್ಲಗೆ ಅವಳ ನೆತ್ತಿಯ ಮೇಲೆ ಇಳಿಯಿತು. ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು. ಇಷ್ಟು ದಿನ ಸುಮ್ಮನಿದ್ದು ತಪ್ಪು ಮಾಡಿದೆ ಅನ್ನಿಸಿತು.

"ಟೇಪು ತಗೊಂಬಾರೋ" ಎಂದ ಮಗನಿಗೆ.

ಅವಳನ್ನು ಊಟದ ಮೇಜಿನ ಕುರ್ಚಿಯ ಮೇಲೆ ದಿಂಬಿಟ್ಟು ಕೂರಿಸಿ, ಮೇಸ್ತ್ರಿ ತಾನು ನೆಲದ ಮೇಲೆ ಕೂತ. ಅವನ ಮಂಡಿ ಕಟಕಟ ಎಂದಿತು. ಗಿರಾಕಿಗಳಿಗೆ ಹಿಡಿಯುವಂತೆ, ಅಲ್ಲ, ಗಿರಾಕಿಗಳಿಗೂ ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ, ಅವಳ ಹಿಮ್ಮಡಿಯಿಂದ ಮಂಡಿಯವರೆಗೆ ಟೇಪು ಹಿಡಿದ. ಮಂಡಿಗಿಂತ ಸೊಂಟ ತುಸು ಮೇಲಿರಬೇಕು, ಆದರೆ ಪಾದ ಪೂರ್ತಿ ನೆಲದಲ್ಲಿರಬೇಕು. ದಿಂಬು ತೆಗೆದ, ದಪ್ಪ ರಗ್ಗು ಮಡಚಿ ಇಟ್ಟ, ಒಂದು ಮಡಿಕೆ ಬಿಚ್ಚಿದ.

"ಹೀಗಿದ್ರೆ?"

"ಇನ್ನೊಂಚೂರು ಕೆಳಗೆ."

"ಈಗ?"

"ಈಗ ಸರಿ. ನಿಜವಾಗ್ಲೂ."

"ಸುಳ್ಳು ಹೇಳ್ಬೇಡ ಮತ್ತೆ."

"ನೀವು ಕೇಳಿದ್ರಲ್ಲ ಈಗ. ಇನ್ನು ಸುಳ್ಳು ಯಾಕೆ?"

ಊಟ ಆರಿ ತಣ್ಣಗಾಯಿತು. ಅದೇ ಮಧ್ಯಾಹ್ನ ಮಂಚದ ಕಾಲುಗಳನ್ನೂ ಕುರ್ಚಿಯ ಕಾಲುಗಳನ್ನೂ ಕೊಯ್ದರು. ನಾನು ಕೊಯ್ತೀನಿ ಎಂದು ಮಗ ಗರಗಸ ತೆಗೆದುಕೊಂಡರೆ, ಮೇಸ್ತ್ರಿ ಕಿತ್ತುಕೊಂಡು ತಾನೇ ಕೊಯ್ದ. ರೇಲಿಂಗನ್ನು ಬಿಚ್ಚಿ ಅವಳ ಕೈಯ ಎತ್ತರಕ್ಕೆ ಇಳಿಸಿದರು. ಅದರ ಹಿಂದಿನ ಆಧಾರಗಳನ್ನು ಗಿಡ್ಡ ಮಾಡಿ, ಗೋಡೆಗೆ ಒತ್ತಿ ಕೂರಿಸಿ, ವಾಕರ್ ಹಾದುಹೋಗುತ್ತದೆಯೇ ಎಂದು ಮೇಸ್ತ್ರಿ ತಾನೇ ಆ ಪಾತ್ರೆ ಅಂಗಡಿ ಸಾಮಾನು ಹಿಡಿದು ಹೆಜ್ಜೆ ಹಾಕಿ ನೋಡಿದ.

ಸ್ಕೂಲಿನಿಂದ ಬಂದ ಮೊಮ್ಮಗಳು ಬ್ಯಾಗು ಹಾಕಿಕೊಂಡೇ ಕೇಳಿದಳು, "ತಾತಂಗೇನಾಯ್ತು?"

"ತಾತಂಗೆ ಕಣ್ಣು ಬಂತು" ಎಂದಳು ಅವಳಮ್ಮ.

ಕೊಯ್ದ ಕಡೆಯೆಲ್ಲ ಪಾಲಿಶಿಲ್ಲದ ಮರ ಎದ್ದು ಕಾಣುತ್ತಿತ್ತು. ಪಾಲಿಶಮ್ಮನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಹೊಸ ಎತ್ತರದ ಮಂಚದ ಮೇಲೆ, ಎರಡೂ ಪಾದ ನೆಲದಲ್ಲೂರಿ ಕೂತು, "ಪಾಲಿಶ್ ತನ್ನಿ ಇಲ್ಲಿ. ಹೀಗೆ ಬೋಳುಬೋಳಾಗಿ ಬಿಟ್ರೆ ನನ್ನ ಹೆಸರಿಗೆ ಕೆಟ್ಟದ್ದು" ಎಂದಳು. ಮೊಮ್ಮಗಳು ಕುರ್ಚಿಯನ್ನು ಮಗುಚಿ ಎದುರಿಗೆ ತಂದಿಟ್ಟಳು. ಪಾಲಿಶಿನ ವಾಸನೆ ಮೂಗಿಗೆ ಹೊಡೆದಾಗಲೇ ತಾನು ಮನೆಗೆ ಬಂದೆ ಎಂದು ಅವಳಿಗೆ ಅನ್ನಿಸಿದ್ದು.

ಭಾನುವಾರ ಸಂಜೆ ಆಯಾ ಬಂದಳು. ಸೊಸೆ ಚಹಾ ಕೊಟ್ಟು, "ತಪ್ಪು ತಿಳ್ಕೋಬೇಡಿ, ಇನ್ನೊಂದು ವಾರ ನೋಡ್ತೀವಿ" ಎಂದು ಕಳಿಸಿದಳು. ಆ ವಾರವಿಡೀ ಪಾಲಿಶಮ್ಮ ಚೊಂಬುಗಟ್ಟಲೆ ನೀರು ಕುಡಿದು ರೇಲಿಂಗ್ ಹಿಡಿದು ನಡೆದಳು. ಮೊದಮೊದಲು ಸೊಸೆ ಬೆನ್ನಿಗೆ, ಆಮೇಲೆ ಮೊಮ್ಮಗಳು ಬೆನ್ನಿಗೆ, ಆಮೇಲೆ ಓಣಿಯ ತುದಿಯವರೆಗೆ ಮಾತ್ರ ಮೇಸ್ತ್ರಿ.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ತಾನೇ ಮಂಚದ ಅಂಚು ಹಿಡಿದು ಎದ್ದಳು. ಕಾರ್ಖಾನೆಯಲ್ಲಿ ಗರಗಸದ ಸದ್ದು ನಿಂತಿತು. ಮೇಸ್ತ್ರಿ ಓಡಿ ಬಂದ.

"ಬರ್ಬೇಡಿ" ಎಂದಳು.

"ಬರಲ್ಲ."

ಒಂದು ಕೈ ತೇಗದ ಮೇಲೆ, ಒಂದೊಂದೇ ಹೆಜ್ಜೆ, ಭುಜ ಎಲ್ಲಿರಬೇಕೋ ಅಲ್ಲೇ. ಬಚ್ಚಲುಮನೆಯ ಹೊಸ್ತಿಲು ದಾಟಿದಳು. ಹಿಂದೆ ತಿರುಗಿ ಬಾಗಿಲು ಹಾಕಿಕೊಂಡಳು. ಕುರ್ಚಿಯ ಎರಡೂ ಕೈ ಹಿಡಿದು ಕೂತಳು, ಅಂಗಾಲು ಪೂರ್ತಿಯಾಗಿ ತಣ್ಣನೆಯ ನೆಲಕ್ಕೆ ಊರಿತು. ಒಳಗೆ ಯಾರೂ ಇಲ್ಲ, ಎದುರಿಗೆ ಯಾರೂ ಇಲ್ಲ, ಬರೀ ಅವಳೇ. ಎಷ್ಟು ಹಾಯಾಗಿತ್ತು ಎಂದರೆ, ಕೂತಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟಳು.

"ಏನಾಯ್ತೇ?" ಬಾಗಿಲ ಆಚೆಯಿಂದ ಗಾಬರಿಯ ದನಿ.

"ಏನೂ ಆಗಿಲ್ಲ! ನೀವಿನ್ನೂ ಅಲ್ಲೇ ನಿಂತಿದ್ದೀರಾ? ಹೋಗಿ, ಕೆಲಸ ನೋಡ್ಕೊಳ್ಳಿ."

"ಹೋಗ್ತೀನಿ."

ಅವಳು ಸ್ವಲ್ಪ ಹೊತ್ತು ಬಿಟ್ಟಳು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಅಲ್ಲಾಡದೆ ನಿಂತಿತ್ತು.

"ಹೋದ್ರಾ?" ಎಂದು ಕೇಳಿದಳು.

"ಹೂಂ, ಹೋದೆ" ಎಂದ ಮೇಸ್ತ್ರಿ.